ಅಚ್ಚಾಗದೆ ಉಳಿದ ಹದಿನೇಳನೆಯ ಅಧ್ಯಾಯ

2006ರ ನವೆಂಬರ್. ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನ ಒಂದು ಶಾಲೆಯ ಹಾಲ್‌ನಲ್ಲಿ ರಾಜ್ಯೋತ್ಸವ ನಡೆಯುತ್ತಿತ್ತು. ಬಾಗಿಲ ಪಕ್ಕದಲ್ಲಿ, ಬಿಸಿಬೇಳೆಬಾತಿನ ಸಾಲಿಗೂ ಚಪ್ಪಲಿಗಳ ರಾಶಿಗೂ ನಡುವೆ, ಚಂದ್ರಿಕಾ ತನ್ನ ಕಾದಂಬರಿಯ ಇಪ್ಪತ್ತು ಪ್ರತಿಗಳನ್ನು ಮೇಜಿನ ಮೇಲೆ ಜೋಡಿಸಿಕೊಂಡು ಕೂತಿದ್ದಳು.

ಎರಡು ಗಂಟೆಯಲ್ಲಿ ಮೂವರು ಬಂದಿದ್ದರು. ಒಬ್ಬರು ಟಾಯ್ಲೆಟ್ ಎಲ್ಲಿ ಎಂದು ಕೇಳಿದರು. ಇನ್ನೊಬ್ಬರು ಪುಸ್ತಕವನ್ನು ತಿರುಗಿಸಿ ನೋಡಿ, ನಮ್ಮ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ ಎಂದು ನಿಟ್ಟುಸಿರಿಟ್ಟು ಹೋದರು. ಮೂರನೆಯವನು ನಿಂತಲ್ಲೇ ಎರಡು ಪುಟ ಓದಿ, ಜೇಬಿನಿಂದ ಪೆನ್ ತೆಗೆದು ಪುಸ್ತಕದಲ್ಲಿ ಗೀಚತೊಡಗಿದ.

“ರೀ, ಅದು ಮಾರೋಕೆ ಇಟ್ಟಿರೋ ಪುಸ್ತಕ,” ಎಂದಳು ಚಂದ್ರಿಕಾ.

ಅವನು ತಲೆಯೆತ್ತಲಿಲ್ಲ. “ಮೂರನೇ ಪುಟದಲ್ಲೇ ‘ಅರ್ಧ’ಕ್ಕೆ ಹೊಟ್ಟೆ ಸೀಳಿಲ್ಲ.”

“ಹೊಟ್ಟೆ ಸೀಳೋಕೆ ನಾನೇನು ಡಾಕ್ಟರಾ?”

ಆಗ ಅವನು ಕಣ್ಣೆತ್ತಿದ. ಮೂಗಿನ ತುದಿಗೆ ಜಾರಿದ್ದ ಕನ್ನಡಕದ ಮೇಲಿಂದ ಅವಳನ್ನು ನೋಡಿದ, ಪುಸ್ತಕದ ಹಿಂಬದಿಯ ಫೋಟೋ ನೋಡಿದ, ಮತ್ತೆ ಅವಳನ್ನು ನೋಡಿದ. ನಲವತ್ತೈದು ದಾಟಿದ ಆ ಗಂಡಸಿನ ಕಿವಿ ಶಾಲೆಯ ಹುಡುಗನದರಂತೆ ಕೆಂಪಾಯಿತು. ಪುಸ್ತಕ ಕೊಂಡು, ಬಾತು ಕೂಡ ತಿನ್ನದೆ ಹೊರಟುಹೋದ.

ಮುಂದಿನ ಶನಿವಾರ ಫೋನ್ ಮಾಡಿ, ಕೇಳಿಕೊಂಡು, ಅವಳ ಫ್ಲ್ಯಾಟಿಗೇ ಬಂದ. ನ್ಯೂ ನಾರ್ತ್ ರೋಡಿನ ಒಂದು ‘ಡೈರಿ’ ಅಂಗಡಿಯ ಮೇಲಿನ ಎರಡು ಕೋಣೆ ಅವಳ ಮನೆ. ಕೆಳಗೆ ಹಾಲು, ಬ್ರೆಡ್ಡು, ಲಾಟರಿ ಟಿಕೆಟ್ಟು ಮಾರುತ್ತಿದ್ದರು. ಅವನು ಪುಸ್ತಕವನ್ನು ಮೇಜಿನ ಮೇಲಿಟ್ಟ. ಅರವತ್ತೊಂದು ಅಚ್ಚಿನ ತಪ್ಪುಗಳಿಗೆ ಕೆಂಪು ಗುರುತು. ಅವಳ ಮುಖ ಇಳಿಯಿತು. ಕೊನೆಯ ಪುಟದಲ್ಲಿ ಮಾತ್ರ ಪೆನ್ಸಿಲಿನಲ್ಲಿ, ಬಹಳ ಸಣ್ಣ ಅಕ್ಷರದಲ್ಲಿ ಬರೆದಿದ್ದ: ಕಥೆಯಲ್ಲಿ ತಪ್ಪಿಲ್ಲ.

ಅವನ ಹೆಸರು ಗುರುದತ್. ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ತಂದೆ ಮೈಸೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು. ಬೆಳಗಿನ ಕಾಫಿಯ ಜೊತೆಗೆ ಉದ್ದುದ್ದ ಕಾಗದದ ಕರಡುಗಳೂ ಮನೆಯಲ್ಲಿ ಇರುತ್ತಿದ್ದವು. ಹೆಂಡತಿ ರಮಾ ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. ಮಕ್ಕಳಿರಲಿಲ್ಲ. ಇಷ್ಟನ್ನು ಅವನು ಆಸ್ಪತ್ರೆಯ ಫಾರಂ ತುಂಬುವವನ ಹಾಗೆ ಚುಟುಕಾಗಿ ಹೇಳಿದ.

ಚಂದ್ರಿಕಾಳೂ ಚುಟುಕಾಗಿಯೇ ಹೇಳಿದಳು. ನಲವತ್ತೊಂದು ವರ್ಷ. ಗಂಡನ ಜೊತೆ ಬಂದವಳು. ಗಂಡ ಈಗ ವೆಲ್ಲಿಂಗ್ಟನ್‌ನಲ್ಲಿ ಇನ್ನೊಬ್ಬಳ ಜೊತೆ. ಪೆನ್‌ರೋಸ್‌ನ ಗೋದಾಮಿನ ಆಫೀಸಿನಲ್ಲಿ ಯಾವ ಸಾಮಾನು ಎಷ್ಟು ತರಿಸಬೇಕು ಎಂದು ಲೆಕ್ಕ ಹಾಕುವ ಕೆಲಸ. ಎರಡು ಕಾದಂಬರಿ ಬರೆದಿದ್ದಳು. ಎರಡೂ ಬೆಂಗಳೂರಿನಲ್ಲಿ ಅಚ್ಚಾಗಿ, ಬಾವಿಗೆ ಹಾಕಿದ ಕಲ್ಲಿನ ಹಾಗೆ, ಒಂದು ಸದ್ದು ಮಾಡಿ ಮುಳುಗಿಹೋಗಿದ್ದವು.

ಕ್ರಿಸ್‌ಮಸ್‌ನ ಮರುದಿನ ಇಬ್ಬರಿಗೂ ರಜ. ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮೌಂಟ್ ಆಲ್ಬರ್ಟ್ ಗುಡ್ಡ ಹತ್ತಿದರು. ಮೇಲೆ ಹುಲ್ಲಿನಲ್ಲಿ ಕೂತಾಗ ಕೆಳಗೆ ಊರೆಲ್ಲ ಬಿಸಿಲಿಗೆ ಮೈಚಾಚಿ ಮಲಗಿತ್ತು. ಬರುವ ವರ್ಷ ಏನು ಮಾಡುತ್ತೀರಿ ಎಂದು ಅವನು ಕೇಳಿದ.

“ಬರೀತೀನಿ.”

“ಅದು ಗುರಿ ಅಲ್ಲ. ಉಸಿರಾಡ್ತೀನಿ ಅಂದ ಹಾಗಾಯ್ತು.”

ಅವನೇ ಜೇಬಿನಿಂದ ಆಸ್ಪತ್ರೆಯ ಚೀಟಿ ಪುಸ್ತಕ ತೆಗೆದ. ಮೇ ಕೊನೆಯೊಳಗೆ ಹೊಸ ಕಾದಂಬರಿ ಮುಗಿಯಬೇಕು ಎಂದು ಬರೆದ. ಜುಲೈ ಹೊತ್ತಿಗೆ ಪೂರ್ತಿ ಟೈಪಾಗಿ, ಒಂದೇ ಒಂದು ತಪ್ಪೂ ಇಲ್ಲದೆ ಬೆಂಗಳೂರಿಗೆ ಹೋಗಬೇಕು. ಟೈಪು ತನ್ನ ಜವಾಬ್ದಾರಿ. ನವೆಂಬರ್‌ನಲ್ಲಿ ಬಿಡುಗಡೆ. ಅದಕ್ಕೆ ಮುಂಚೆ ಯಾವುದಾದರೂ ವಾರಪತ್ರಿಕೆಯ ದೀಪಾವಳಿ ವಿಶೇಷಾಂಕದಲ್ಲಿ ಒಂದು ಅಧ್ಯಾಯ ಬರಬೇಕು, ಜನ ಹೆಸರು ಗುರುತು ಹಿಡಿಯಬೇಕು. ಅವಳಿಗೊಂದು ವೆಬ್‌ಸೈಟ್ ಆಗಬೇಕು. ಆಮೇಲೆ ಓದುವ ಕಾರ್ಯಕ್ರಮಗಳು: ಆಕ್ಲೆಂಡ್, ಹ್ಯಾಮಿಲ್ಟನ್, ವೆಲ್ಲಿಂಗ್ಟನ್, ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿ.

ಯಾರು ಬರುತ್ತಾರೆ ಕೇಳೋಕೆ ಎಂದಳು ಚಂದ್ರಿಕಾ. ನಾನು ಬರ್ತೀನಿ ಎಂದ.

“ನಾಲ್ಕಕ್ಕೂ?”

“ಕಾರು ಓಡಿಸೋಕೆ ಯಾರಾದ್ರೂ ಬೇಕಲ್ವಾ?” ಅವನು ಚೀಟಿಯನ್ನೇ ನೋಡುತ್ತ ಅಂದ. ಆದರೆ ಕಿವಿ ಮತ್ತೆ ಕೆಂಪಾಗಿತ್ತು. ಚಂದ್ರಿಕಾ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡು ನಕ್ಕಳು. ನಗುವುದು ಎಷ್ಟು ಸುಲಭದ ಕೆಲಸ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಹೀಗೆ ಭಾನುವಾರಗಳು ಶುರುವಾದವು. ಅವಳು ವಾರವೆಲ್ಲ ಕೈಯಲ್ಲಿ ಬರೆದಿಟ್ಟ ಹಾಳೆಗಳನ್ನು ಅವನು ಅವಳ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟೈಪು ಮಾಡುತ್ತಿದ್ದ. ನಾಲ್ಕೇ ಬೆರಳು ಓಡುತ್ತಿದ್ದವು. ತುಟಿಯೊಳಗೆ ಓದಿಕೊಳ್ಳುತ್ತಿದ್ದ. ಅವಳು ಹುರುಳಿಕಾಯಿ ಹೆಚ್ಚುವವಳಂತೆ ನಟಿಸುತ್ತ, ತನ್ನ ವಾಕ್ಯ ಇನ್ನೊಬ್ಬರ ಬಾಯಲ್ಲಿ ಮೆಲ್ಲಗೆ ಹೊರಳುವುದನ್ನು ಕೇಳುತ್ತಿದ್ದಳು.

ವಾಕ್ಯ ಹಿಡಿಸಿದರೆ ಅವನು ಹೊಗಳುತ್ತಿರಲಿಲ್ಲ. ಕೈ ನಿಲ್ಲಿಸಿ, ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸುತ್ತಿದ್ದ. ಅವಳಿಗೆ ಅದು ಬೇಗ ಗೊತ್ತಾಯಿತು. ಒಂದು ಮಧ್ಯಾಹ್ನ ಮೂರು ಸಲ ಒರೆಸಿದಾಗ ತಡೆಯಲಾರದೆ, ಕನ್ನಡಕ ಅಷ್ಟು ಕೊಳೆಯಾಗಿದೆಯೇ ಎಂದು ಕೇಳಿದಳು.

“ಈ ಪುಟದಲ್ಲಿ ಧೂಳು ಜಾಸ್ತಿ,” ಎಂದ ಗುರುದತ್.

ಕನ್ನಡಕವಿಲ್ಲದ ಅವನ ಕಣ್ಣುಗಳು ದೊಡ್ಡದಾಗಿ, ರಕ್ಷಣೆಯಿಲ್ಲದಂತೆ ಕಾಣುತ್ತಿದ್ದವು. ಆ ಕಣ್ಣಿಗೆ ತಾನು ಮಸುಕಾಗಿ ಕಾಣುತ್ತಿರಬೇಕು ಎಂದುಕೊಂಡು ಅವಳು ಧೈರ್ಯವಾಗಿ ನೋಡುತ್ತಿದ್ದಳು. ಅವನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಹುರುಳಿಕಾಯಿಗೆ ವಾಪಸಾಗುತ್ತಿದ್ದಳು.

ಮಾರ್ಚ್‌ನಲ್ಲಿ ಅವನು ಮನೆಯೊಳಗೆ ಹಾಕಿಕೊಳ್ಳಲು ಒಂದು ಜೊತೆ ಚಪ್ಪಲಿ ತಂದಿಟ್ಟ. ನೆಲ ತಣ್ಣಗಿದೆ ಎಂದ. ಭಾನುವಾರ ಹೊರಟಾಗ ಅವು ಬಾಗಿಲ ಬಳಿಯೇ ಉಳಿದವು. ವಾರದ ದಿನ ಕೆಲಸ ಮುಗಿಸಿ ಬಂದು ಬೀಗ ತೆಗೆದರೆ ಮೊದಲು ಕಾಣುತ್ತಿದ್ದುದು ಅವೇ. ಇಬ್ಬರೂ ಇನ್ನೂ ‘ನೀವು’ ಎನ್ನುತ್ತಿದ್ದರು. ಕೈ ಕೂಡ ಮುಟ್ಟಿರಲಿಲ್ಲ. ಆದರೂ ಚಂದ್ರಿಕಾ ಆ ಚಪ್ಪಲಿಗಳ ಪಕ್ಕದಲ್ಲಿ ತನ್ನವನ್ನು ಬಿಟ್ಟು, ಸಾಲು ಸರಿಮಾಡಿ ಒಳಗೆ ಹೋಗುತ್ತಿದ್ದಳು.

ಕಾದಂಬರಿ ಹದಿನಾರನೆಯ ಅಧ್ಯಾಯದವರೆಗೆ ಬಂದು ಸಿಕ್ಕಿಕೊಂಡಿತು. ಗಂಡನ ಹಿಂದೆ ಈ ದೇಶಕ್ಕೆ ಬಂದ ಹೆಣ್ಣಿನ ಕಥೆ ಅದು. ಹದಿನೇಳರಲ್ಲಿ ಅವಳು ಸಾಯುವ ಮುಂಚೆ ಗಂಡನಿಗೆ ಏನೋ ಒಂದು ಮಾತು ಹೇಳಬೇಕು. ಏನು ಹೇಳುತ್ತಾಳೆ ಎಂದು ಚಂದ್ರಿಕಾಳಿಗೆ ಎರಡು ತಿಂಗಳಾದರೂ ಹೊಳೆಯಲಿಲ್ಲ.

ಏಪ್ರಿಲ್ ಮೂರನೆಯ ಭಾನುವಾರ, ಇವತ್ತು ಟೈಪು ಬೇಡ ಎಂದು ಗುರುದತ್ ಅವಳನ್ನು ಪೀಹಾ ಕಡಲ ತೀರಕ್ಕೆ ಕರೆದುಕೊಂಡು ಹೋದ. ಕಪ್ಪು ಮರಳು, ಜೋರು ಗಾಳಿ. ಕಾರಿನಿಂದ ಇಳಿಯಲಿಲ್ಲ. ರಮಾ ಇದ್ದಾಗ ಪ್ರತಿ ಭಾನುವಾರ ಇಲ್ಲಿಗೆ ಬರುತ್ತಿದ್ದೆವು, ಅವಳು ಹೋದಮೇಲೆ ಇದೇ ಮೊದಲು ಬಂದದ್ದು ಎಂದ. ಆಮೇಲೆ ಕಡಲಿನ ಕಡೆ ನೋಡುತ್ತಲೇ ಹೇಳಿದ. ಕ್ಯಾನ್ಸರ್‌ನ ಕೊನೆಯ ವಾರ. ಆಸ್ಪತ್ರೆಯ ಕಿಟಕಿಯಿಂದ ಬಂದರಿನ ಒಂದು ಚೂರು ಕಾಣುತ್ತಿತ್ತು. ರಮಾ ಅದನ್ನು ನೋಡುತ್ತ ಅಂದಳಂತೆ: ರೀ, ನನಗೆ ಈ ದೇಶ ಇಷ್ಟ ಆಗಲಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಆರು ವರ್ಷ ಇಷ್ಟ ಇಷ್ಟ ಅಂತಲೇ ಇದ್ದೆ.

“ಯಾರಿಗೂ ಹೇಳಿಲ್ಲ ಇದನ್ನ,” ಎಂದ. “ಮೈಸೂರಲ್ಲಿ ನಮ್ಮತ್ತೆ ಇದಾರೆ, ರಮಾ ತಾಯಿ, ವಸಂತಾ ಅಂತ. ರಮಾ ವಾರಕ್ಕೊಂದು ಕಾಗದ ಬರೀತಿದ್ಲು ಅವರಿಗೆ, ತುಂಬಾ ಖುಷಿಯಾಗಿದೀನಿ ಅಂತ. ಆ ಕಾಗದ ಓದ್ಕೊಂಡೇ ದಿನ ದೂಡ್ತಿದಾರೆ. ಅವರಿಗಂತೂ ಗೊತ್ತಾಗಬಾರದು. ನಿಮಗೊಬ್ಬರಿಗೇ ಹೇಳಿದ್ದು.”

ಚಂದ್ರಿಕಾ ಸ್ಟೀರಿಂಗ್ ಮೇಲಿದ್ದ ಅವನ ಕೈ ಮೇಲೆ ಕೈಯಿಟ್ಟಳು. ಅವನು ಕೈಯನ್ನು ತಿರುಗಿಸಿ ಅವಳದನ್ನು ಹಿಡಿದುಕೊಂಡ. ಗಾಜಿನ ಮೇಲೆ ಉಪ್ಪುನೀರಿನ ಹನಿ ಬಂದು ಬೀಳುತ್ತಿದ್ದವು. ಇಬ್ಬರೂ ಹಾಗೇ ಕೂತಿದ್ದರು.

ಮರುದಿನ ಸೋಮವಾರ. ಪೆನ್‌ರೋಸ್‌ನಲ್ಲಿ ಊಟದ ಬಿಡುವಿಗೆ ಅವಳು ತನ್ನ ಕಾರಿನಲ್ಲಿ ಕೂತು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಹದಿನೇಳನೆಯ ಅಧ್ಯಾಯ ಬರೆಯತೊಡಗಿದಳು. ಅಂಗಳದಲ್ಲಿ ಸಾಮಾನು ಎತ್ತುವ ಫೋರ್ಕ್‌ಲಿಫ್ಟ್‌ಗಳು ಕೂಗುತ್ತ ಹಿಂದೆ ಮುಂದೆ ಓಡಾಡುತ್ತಿದ್ದವು, ಅವಳಿಗೆ ಕೇಳಿಸಲಿಲ್ಲ. ಆಕ್ಲೆಂಡನ್ನು ಡ್ಯುನೆಡಿನ್ ಮಾಡಿದಳು, ಗಂಡನನ್ನು ಇಂಜಿನಿಯರ್ ಮಾಡಿದಳು. ಆದರೆ ಕಿಟಕಿ, ಆರು ವರ್ಷ, ಆ ಮಾತು, ಮೂರೂ ಹಾಗೇ ಬಂದು ಕೂತವು. ಒಂದು ಚಿತ್ತು ಕಾಟಿಲ್ಲದೆ ಮೂರು ದಿನದಲ್ಲಿ ಅಧ್ಯಾಯ ಮುಗಿಯಿತು. ಇಷ್ಟು ಒಳ್ಳೆಯದನ್ನು ತಾನು ಬರೆದೇ ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ರಮಾಳ ಮೇಲೆ, ಗುರುದತ್ತನ ಮೇಲೆ ಪ್ರೀತಿ ಉಕ್ಕಿ ಎದೆ ತುಂಬಿ ಬಂತು. ಅದು ಕಳ್ಳತನ ಎಂದು ಆ ಹೊತ್ತಿಗೆ ಅನ್ನಿಸಲಿಲ್ಲ. ಭಾನುವಾರ ಹಾಳೆಗಳನ್ನು ಅವನ ಮುಂದಿಡಲು ಹೋದಾಗ ಮಾತ್ರ ಕೈ ತಡೆಯಿತು.

ಹದಿನೇಳು ಯಾಕೋ ಬರುತ್ತಿಲ್ಲ, ಮೊದಲೇ ಬರೆದಿಟ್ಟ ಹದಿನೆಂಟು ಟೈಪು ಮಾಡೋಣ ಎಂದಳು. ಅವನು ನಂಬಿದ.

ಜುಲೈನಲ್ಲಿ ಕಾದಂಬರಿ ಬೆಂಗಳೂರಿಗೆ ಹೋಯಿತು. ಹದಿನೇಳನ್ನು ಆಮೇಲೆ ಬರೆದು ಕಳಿಸುತ್ತೇನೆ ಎಂದು ಗುರುದತ್‌ಗೆ ಹೇಳಿ, ಅವಳು ಅದನ್ನು ಗೋದಾಮಿನ ಆಫೀಸಿನಲ್ಲಿ ಜೆರಾಕ್ಸ್ ಮಾಡಿಸಿ, ಬೇರೆಯಾಗಿ ಕೊರಿಯರ್ ಮಾಡಿದಳು.

ಆಗಸ್ಟ್‌ನ ಒಂದು ಭಾನುವಾರ ಪ್ರಕಾಶಕರ ಫೋನು ಬಂತು. ಅವರ ಹೆಸರೂ ಪ್ರಕಾಶ್. ಹಿಂದಿನೆರಡು ಪುಸ್ತಕ ತಂದವರೂ ಅವರೇ, ಆಗೆಲ್ಲ ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ಈಗ ಅವರ ದನಿಯೇ ಬೇರೆಯಾಗಿತ್ತು. ಹದಿನೇಳು ಓದಿ ಆಫೀಸಿನ ಬಾಗಿಲು ಹಾಕಿಕೊಂಡು ಕೂತುಬಿಟ್ಟರಂತೆ. ವಾರಪತ್ರಿಕೆಯ ಸಂಪಾದಕರಿಗೆ ಕೊಟ್ಟರೆ ಅವರೂ ಅದನ್ನೇ ಕೇಳಿದರಂತೆ, ದೀಪಾವಳಿ ವಿಶೇಷಾಂಕಕ್ಕೆ, ಫೋಟೋದ ಜೊತೆ. ಒಪ್ಪಿಗೆ ಬೇಕಿತ್ತು. ಅಡುಗೆಮನೆಯಲ್ಲಿ ಗುರುದತ್ ಕಾಫಿ ಸೋಸುತ್ತಿದ್ದ. ಚಂದ್ರಿಕಾ ಕಿಟಕಿಯ ಕಡೆ ತಿರುಗಿ, ದನಿ ತಗ್ಗಿಸಿ, ಆಗಲಿ ಎಂದಳು.

ಲೋಟ ಹಿಡಿದು ಬಂದ ಅವನಿಗೆ ವಿಶೇಷಾಂಕದ ಸುದ್ದಿ ಹೇಳಿದಳು. ಅವನು ಲೋಟಗಳನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡ. ಯಾವ ಅಧ್ಯಾಯ ಎಂದು ಕೇಳಿದ. ಇನ್ನೂ ತೀರ್ಮಾನ ಆಗಿಲ್ಲ ಎಂದಳು.

“ಅತ್ತೆಗೆ ಹೇಳ್ಬೇಕು,” ಎಂದ. “ನಲವತ್ತು ವರ್ಷದಿಂದ ಆ ಪತ್ರಿಕೆ ತರಿಸ್ತಾರೆ. ಭೂತಗನ್ನಡಿ ಹಿಡ್ಕೊಂಡು ಒಂದಕ್ಷರ ಬಿಡದೆ ಓದ್ತಾರೆ. ನಿಮ್ಮ ಹೆಸರು ಕಂಡ್ರೆ ಮೊದಲು ಅದನ್ನೇ ಓದ್ತಾರೆ. ನಿಮ್ಮ ವಿಷಯ ಎಲ್ಲಾ ಹೇಳಿದೀನಿ ಅವರಿಗೆ.”

“ಎಲ್ಲಾ ಅಂದ್ರೆ?”

“ಎಲ್ಲಾ.” ಅವನ ಮುಂದೆ ಯಾವ ಪುಟವೂ ಇರಲಿಲ್ಲ. ಆದರೂ ಕನ್ನಡಕ ತೆಗೆದು ಒರೆಸಿದ. “ಅವರೇ ಅಂದ್ರು, ತಡ ಮಾಡಬೇಡಪ್ಪ, ಕೇಳು ಅಂತ. ಪುಸ್ತಕ ಬಂದ ಮೇಲೆ ಕೇಳೋಣ ಅಂತಿದ್ದೆ.”

ಒಂಬತ್ತು ತಿಂಗಳಿನಿಂದ ಅವಳು ಕಾದಿದ್ದ ಮಾತು. ಬಂದಾಗ ಅವಳಿಗೆ ಕಣ್ಣೆತ್ತಲು ಆಗಲಿಲ್ಲ. ಕಾಫಿ ತಣ್ಣಗಾಗುತ್ತೆ ಎಂದಳು. ಅವನು ಅದನ್ನು ನಾಚಿಕೆ ಎಂದುಕೊಂಡು ಸಂತೋಷಪಟ್ಟ.

ಆ ವಾರ ಅವಳು ಮೂರು ಸಲ ಪ್ರಕಾಶರಿಗೆ ಇಮೇಲ್ ಬರೆದಳು. ಮೂರು ಸಲವೂ ಕಳಿಸಲಿಲ್ಲ. ಸದ್ದಿಲ್ಲದೆ ಅಧ್ಯಾಯವನ್ನು ವಾಪಸು ತೆಗೆದುಕೊಂಡರೆ ಅವನಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಆದರೆ ಆಮೇಲೆ ಪ್ರತಿದಿನ ಆ ಕಣ್ಣಿನ ಎದುರು ಕೂತು ಅನ್ನ ಬಡಿಸಬೇಕು. ಅದು ತನ್ನಿಂದಾಗದು ಎಂದು ಶನಿವಾರದ ಹೊತ್ತಿಗೆ ಅವಳಿಗೆ ಖಚಿತವಾಯಿತು.

ಭಾನುವಾರ ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟಳು. “ಹದಿನೇಳು. ಏಪ್ರಿಲ್‌ನಲ್ಲೇ ಬರೆದಿದ್ದೆ. ವಿಶೇಷಾಂಕಕ್ಕೆ ಕೇಳಿರೋದು ಇದನ್ನೇ.”

ಅವನು ಕೂತು ಟೈಪು ಮಾಡತೊಡಗಿದ. ಎರಡನೆಯ ಪುಟದಲ್ಲಿ ಅವನ ಬೆರಳು ನಿಂತವು. ಬೆರಳು ಮತ್ತೆ ಓಡತೊಡಗಿದವು. ಈ ಸಲ ತುಟಿ ಅಲುಗಲಿಲ್ಲ. ಹೊರಗೆ ಚಳಿಗಾಲದ ಮಳೆ, ಒಳಗೆ ಹೀಟರಿನ ಗುನುಗು, ಕೀಲಿಗಳ ಸದ್ದು. ಹನ್ನೊಂದು ಪುಟವನ್ನೂ ಅವನು ಪೂರ್ತಿ ಮಾಡಿದ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ನೋಡಿ ಸೇವ್ ಮಾಡಿದ.

“ಒಂದು ತಪ್ಪಿದೆ,” ಎಂದ. “ರಮಾ ‘ಇಷ್ಟ ಆಗಲಿಲ್ಲ’ ಅಂದಿದ್ದು. ನೀವು ‘ಇಷ್ಟ ಆಗಲೇ ಇಲ್ಲ’ ಅಂತ ಬರೆದಿದೀರಿ.”

ಚಂದ್ರಿಕಾ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

“ಎರಡಕ್ಕೂ ತುಂಬಾ ವ್ಯತ್ಯಾಸ ಇದೆ,” ಎಂದ ಅವನು, ದನಿ ಏರಿಸದೆ.

ತೆಗೆದುಹಾಕುತ್ತೇನೆ ಎಂದಳು. ನಾಳೆಯೇ ಪ್ರಕಾಶರಿಗೆ ಹೇಳುತ್ತೇನೆ, ಎಲ್ಲೂ ಬರುವುದಿಲ್ಲ, ನಿಮ್ಮತ್ತೆಯ ಕಣ್ಣಿಗೆ ಬೀಳುವುದಿಲ್ಲ ಎಂದಳು. ನಾನು ಕೇಳಲಿಲ್ಲ ಎಂದ ಅವನು. ಲ್ಯಾಪ್‌ಟಾಪ್ ಮುಚ್ಚಿದ. ಬಾಗಿಲ ಬಳಿ ಬಗ್ಗಿ ಶೂ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಲೇಸು ಕಟ್ಟಲು ಬರದವನಂತೆ ಮತ್ತೆ ಮತ್ತೆ ಬಿಚ್ಚಿ ಕಟ್ಟಿದ. ಚಂದ್ರಿಕಾ ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು. ಮೆಟ್ಟಿಲಿಳಿಯುವ ಸದ್ದು ಕೆಳಗಿನ ಡೈರಿಯ ಬಾಗಿಲ ಗಂಟೆಯಲ್ಲಿ ಕರಗಿಹೋಯಿತು.

ಸೋಮವಾರ ಅವಳು ಅಧ್ಯಾಯವನ್ನು ಹಿಂದಕ್ಕೆ ಪಡೆದಳು. ಪ್ರಕಾಶ್ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ವಾದಿಸಿದರು, ಬೇಡಿಕೊಂಡರು. ಅದಿಲ್ಲದಿದ್ದರೆ ಇದೂ ಹತ್ತರಲ್ಲಿ ಹನ್ನೊಂದನೆಯ ಕಾದಂಬರಿ, ಈ ವರ್ಷವಂತೂ ತರುವುದಿಲ್ಲ ಎಂದರು. ಕೊನೆಗೆ ಬೇಸತ್ತು ಕೇಳಿದರು: “ನೀವು ಬರೆಯೋದು ಯಾರಿಗೋಸ್ಕರ ಮೇಡಂ?”

ಅವಳು ಫೋನು ಇಟ್ಟಳು. ಬರೆದ ಹಾಳೆಗಳನ್ನು ಹರಿದಳು. ಗುರುದತ್‌ಗೆ ಅಧ್ಯಾಯ ಹಿಂದಕ್ಕೆ ತೆಗೆದುಕೊಂಡೆ ಎಂದು ಒಂದೇ ಸಾಲಿನ ಇಮೇಲ್ ಕಳಿಸಿದಳು. ಮೂರು ವಾರ ಉತ್ತರ ಬರಲಿಲ್ಲ. ಮೂರು ಭಾನುವಾರವೂ ಅವಳು ಇಬ್ಬರಿಗಾಗುವಷ್ಟು ಅಡುಗೆ ಮಾಡಿ, ಸೋಮವಾರ ಮಂಗಳವಾರ ಅದನ್ನೇ ಡಬ್ಬಿಗೆ ಹಾಕಿಕೊಂಡು ಹೋದಳು.

ಸೆಪ್ಟೆಂಬರ್‌ನ ಒಂದು ಬುಧವಾರ, ಪೆನ್‌ರೋಸ್‌ನಲ್ಲಿ ಊಟದ ಬಿಡುವಿಗೆ ಹೊರಗೆ ಬಂದಾಗ, ಅವನು ಅವಳ ಕಾರಿನ ಪಕ್ಕ ನಿಂತಿದ್ದ. ಸೊರಗಿಹೋಗಿದ್ದ. ಕ್ರೈಸ್ಟ್‌ಚರ್ಚ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ, ಶುಕ್ರವಾರ ಹೊರಡುತ್ತೇನೆ ಎಂದ.

“ಸಿಟ್ಟು ಇನ್ನೂ ಇದೆಯಾ?” ಎಂದು ಕೇಳಿದಳು.

“ಸಿಟ್ಟಾಗಿದ್ರೆ ಇಳೀತಿತ್ತು.” ಅವನು ಡಾಂಬರು ನೆಲವನ್ನು ನೋಡುತ್ತಿದ್ದ. “ಅಧ್ಯಾಯ ತುಂಬಾ ಚೆನ್ನಾಗಿತ್ತು. ಅದೇ ಕಷ್ಟ ಆಗಿರೋದು. ರಮಾ ಅಂದಿದ್ದನ್ನ ಮೂರು ವರ್ಷ ಅವಳ ದನಿಯಲ್ಲೇ ಇಟ್ಕೊಂಡಿದ್ದೆ. ಈಗ ನೆನಪು ಮಾಡ್ಕೊಂಡ್ರೆ ನಿಮ್ಮ ವಾಕ್ಯ ಬರುತ್ತೆ. ‘ಆಗಲೇ ಇಲ್ಲ’ ಅಂತಲೇ ಕೇಳ್ಸುತ್ತೆ. ಅವಳ ದನಿ ಸಿಗ್ತಾ ಇಲ್ಲ.”

“ಅದನ್ನ ಹರಿದುಹಾಕ್ದೆ,” ಎಂದಳು. ಹೇಳುವಾಗಲೇ ಅದೆಷ್ಟು ಸಣ್ಣ ಮಾತು ಎಂದು ಅವಳಿಗೆ ತಿಳಿಯಿತು.

“ನಾನು ಓದಿಬಿಟ್ಟಿದೀನಲ್ಲ.”

ಒಂದು ಲಾರಿ ಹಿಂದಕ್ಕೆ ಬಂತು. ಇಬ್ಬರೂ ಸರಿದು ದಾರಿ ಬಿಟ್ಟರು. ಲಾರಿ ಹೋದ ಮೇಲೆ ಅವನು ಮೊದಲ ಸಲ ಅವಳ ಮುಖ ನೋಡಿದ.

“ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ಹೋಗ್ತಿಲ್ಲ ಚಂದ್ರಿಕಾ. ನಿಮ್ಮ ಎದುರು ಕೂತ್ರೆ ನಿಮ್ಮನ್ನ ಬಿಟ್ಟು ಬೇರೆ ಏನೂ ನೆನಪಾಗಲ್ಲ. ಮೊದಲು ಅದೇ ಸುಖವಾಗಿತ್ತು.”

ಅವನು ಅವಳನ್ನು ಬರಿಯ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬಿಡುವು ಮುಗಿದ ಸೈರನ್ ಕೂಗಿತು. ಅವಳು ಒಳಗೆ ಹೋಗಿ, ಸಂಜೆ ಐದರವರೆಗೆ ಯಾವ ಸಾಮಾನು ಎಷ್ಟು ಬೇಕೆಂದು ಬರೆದಳು. ಮರುದಿನ ಎಲ್ಲವನ್ನೂ ತಿದ್ದಬೇಕಾಯಿತು.

ಕಾದಂಬರಿ ಕೊನೆಗೂ ಬಂತು, ಆರು ತಿಂಗಳು ತಡವಾಗಿ, ಹದಿನೇಳಿಲ್ಲದೆ. ಹದಿನೆಂಟಕ್ಕೇ ಹದಿನೇಳು ಎಂದು ಸಂಖ್ಯೆ ಕೊಟ್ಟು. ಬಿಡುಗಡೆ ಸಮಾರಂಭವೇನೂ ಇರಲಿಲ್ಲ. ಚಂದ್ರಿಕಾ ಹಟಕ್ಕೆ ಬಿದ್ದವಳಂತೆ ಗುಡ್ಡದ ಮೇಲೆ ಬರೆದಿದ್ದ ಊರುಗಳಿಗೆಲ್ಲ ಒಬ್ಬಳೇ ಹೋದಳು. ಹ್ಯಾಮಿಲ್ಟನ್‌ನಲ್ಲಿ ಒಂಬತ್ತು ಜನ. ವೆಲ್ಲಿಂಗ್ಟನ್‌ನಲ್ಲಿ ಹದಿನಾಲ್ಕು, ಅದರಲ್ಲಿ ಇಬ್ಬರು ನಿದ್ದೆ ಮಾಡಿದರು. ಕಾರು ತಾನೇ ಓಡಿಸಿದಳು. 2008ರ ನವೆಂಬರ್‌ನಲ್ಲಿ ಉಳಿದದ್ದು ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿ ಒಂದೇ. ಅಲ್ಲಿನ ಕನ್ನಡದವರ ಕೂಟ ನಡೆಸುತ್ತಿದ್ದ ನರ್ಸ್ ಉಷಾ ಕರೆದಾಗ, ಎರಡು ದಿನ ಯೋಚಿಸಿ, ಬರುತ್ತೇನೆ ಎಂದಳು. ಆ ಊರಿನಲ್ಲಿ ಯಾರಿದ್ದಾರೆ ಎಂಬುದು ಮರೆತಿರಲಿಲ್ಲ.

ಶನಿವಾರ ಮಧ್ಯಾಹ್ನ, ಗೋದಾಮುಗಳ ನಡುವಿನ ಪುಟ್ಟ ಹಾಲ್. ಇಪ್ಪತ್ತೈದು ಕುರ್ಚಿ ತುಂಬಿದ್ದವು. ಓದುತ್ತ ಮೂರನೆಯ ಪುಟ ತಿರುಗಿಸುವಾಗ ಅವಳು ಕಣ್ಣೆತ್ತಿದಳು. ಕೊನೆಯ ಸಾಲಿನಲ್ಲಿ ಗುರುದತ್ ಕೂತಿದ್ದ. ಕೂದಲು ಬೆಳ್ಳಗಾಗಿತ್ತು. ಪಕ್ಕದಲ್ಲಿ ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟ ಒಬ್ಬ ಮುದುಕಿ. ಚಂದ್ರಿಕಾ ಪುಸ್ತಕ ಕೆಳಗಿಟ್ಟಳು. ಒಂದು ಗುಟುಕು ನೀರು ಕುಡಿದು ಓದು ಮುಂದುವರಿಸಿದಳು.

ಮುಗಿದ ಮೇಲೆ ಮುದುಕಿಯೇ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಅವರೇ ವಸಂತಾ. ಮೈಸೂರಿನಿಂದ ಬಂದು ಒಂದು ತಿಂಗಳಾಗಿತ್ತು. ಗುರು ನಿಮ್ಮ ವಿಷಯ ಎಷ್ಟೊಂದು ಹೇಳುತ್ತಿದ್ದ, ಆಮೇಲೆ ಒಂದು ದಿನ ನಿಲ್ಲಿಸಿಬಿಟ್ಟ, ಯಾಕೆ ಅಂತ ನಾನೂ ಕೇಳಲಿಲ್ಲ ಎಂದರು. ಪುಸ್ತಕ ಓದಿಯಾಗಿತ್ತು.

“ನಿಮ್ಮ ಕಥೆಯ ಹುಡುಗಿ ಇಲ್ಲಿ ಎಷ್ಟು ಸಂಕಟಪಡ್ತಾಳಮ್ಮ,” ಎಂದರು. “ನನ್ನ ರಮಾ ಹಾಗಲ್ಲ. ಖುಷಿಯಾಗಿದ್ಲು. ಪ್ರತಿ ಕಾಗದದಲ್ಲೂ ಬರೀತಿದ್ಲು. ಗುರು ನಿಮ್ಮ ಹತ್ರನೂ ಹೇಳಿರಬೇಕಲ್ವಾ?”

ಒಂದು ಹೆಜ್ಜೆ ಹಿಂದೆ ಗುರುದತ್ ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

“ಹೇಳಿದಾರಮ್ಮ,” ಎಂದಳು ಚಂದ್ರಿಕಾ. “ಅವರಿಗೆ ಈ ದೇಶ ತುಂಬಾ ಇಷ್ಟ ಆಗಿತ್ತಂತೆ.”

ವಸಂತಾ ಕೈ ಬಿಡಲಿಲ್ಲ. ಇನ್ನೂ ಏನಾದರೂ ಹೇಳು ಎಂಬಂತೆ ನೋಡುತ್ತಲೇ ಇದ್ದರು. ಚಂದ್ರಿಕಾ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಕೂತು, ಹೇಳುತ್ತ ಹೋದಳು. ಪ್ರತಿ ಭಾನುವಾರ ಕಡಲಿಗೆ ಹೋಗುತ್ತಿದ್ದರಂತೆ. ಕಪ್ಪು ಮರಳು ಕಾಲಿಗೆ ಬಿಸಿ ತಾಗಿದರೆ ಓಡುತ್ತಿದ್ದರಂತೆ. ಗಾಳಿಗೆ ಛತ್ರಿ ಉಲ್ಟಾ ಆಗಿ ಮೇಲೆ ಎದ್ದರೆ ಅದನ್ನು ಸರಿಮಾಡದೆ, ಹಾಗೇ ಹಿಡಿದುಕೊಂಡು ನಿಂತು, ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರಂತೆ. ಮನೆಗೆ ಬಂದು ಚಪ್ಪಲಿ ಕೊಡವಿದರೆ ಅಂಗಳವೆಲ್ಲ ಮರಳಂತೆ. ಮುದುಕಿಯ ಮುಖ ಅರಳುತ್ತ ಹೋಯಿತು. ಅಷ್ಟು ಎಚ್ಚರದಿಂದ, ಅಷ್ಟು ಮಮತೆಯಿಂದ ಚಂದ್ರಿಕಾ ಯಾವ ಪುಟವನ್ನೂ ಕಟ್ಟಿರಲಿಲ್ಲ.

“ಇದನ್ನ ಬರಿಯಮ್ಮ,” ಎಂದರು ವಸಂತಾ. “ನಿನ್ನ ಕೈಲಿ ಆಗುತ್ತೆ.”

“ಬರೀತೀನಿ,” ಎಂದಳು.

ಹೊರಗೆ ಬಿಸಿಲಿತ್ತು. ಗುರುದತ್ ಅತ್ತೆಯನ್ನು ಕಾರಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಸೆರಗು ಬಾಗಿಲಿಗೆ ಸಿಕ್ಕದ ಹಾಗೆ ಒಳಗೆ ತಳ್ಳಿ ಬಾಗಿಲು ಮುಚ್ಚಿದ. ಆಮೇಲೆ ಹಾಲ್‌ನ ಮೆಟ್ಟಿಲವರೆಗೆ ವಾಪಸು ಬಂದ.

“ಛತ್ರಿ ವಿಷಯ ನಾನು ನಿಮಗೆ ಹೇಳಿರಲಿಲ್ಲ,” ಎಂದ.

“ಇಲ್ಲ. ನಾನೇ ಕಟ್ಟಿದ್ದು.”

“ಅವಳು ಹಾಗೇ ನಗ್ತಿದ್ಲು.” ಅವನು ಕನ್ನಡಕ ತೆಗೆದು ಒರೆಸಿದ. “ಮರೆತೇ ಹೋಗಿತ್ತು. ಒಳಗೆ ನೀವು ಹೇಳ್ತಿರಬೇಕಾದ್ರೆ ಕೇಳಿಸ್ತು ನನಗೆ. ಅವಳ ನಗು.”

ಚಂದ್ರಿಕಾ ಕಾದಳು. ಅವನ ತುಟಿ ಇನ್ನೊಂದು ಮಾತಿಗೆ ತೆರೆದದ್ದನ್ನು ಕಂಡಳು. ಅವನು ಅವಳ ಕೈ ಹಿಡಿದ. ಪೀಹಾದಲ್ಲಿ ಹಿಡಿದಷ್ಟು ಹೊತ್ತಲ್ಲ, ಆದರೆ ಅಷ್ಟೇ ಗಟ್ಟಿಯಾಗಿ. ಕಾರಿನೊಳಗಿಂದ ವಸಂತಾ ಗಾಜಿನ ಮೇಲೆ ಉಂಗುರದ ಬೆರಳಿನಿಂದ ಎರಡು ಸಲ ತಟ್ಟಿದರು, ಅವರಿಗೆ ಚಳಿಯಾಗುತ್ತಿತ್ತೇನೋ. ಅವನು ಕೈ ಬಿಟ್ಟು, ಫ್ಲೈಟ್ ಎಷ್ಟು ಗಂಟೆಗೆ ಎಂದು ಕೇಳಿದ. ಆರಕ್ಕೆ ಎಂದಳು. ಹುಷಾರಾಗಿ ಹೋಗಿ ಬನ್ನಿ ಎಂದ.

ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಆಮೇಲೆ ಒಳಗೆ ಬಂದಳು. ಉಷಾ ಒಬ್ಬಳೇ ಕುರ್ಚಿ ಮಡಿಸಿ ಗೋಡೆಗೆ ಒರಗಿಸುತ್ತಿದ್ದಳು. ಚಂದ್ರಿಕಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ಆ ತುದಿಯಿಂದ ತಾನೂ ಮಡಿಸತೊಡಗಿದಳು.

ಅತ್ತೆಯ ಜೊತೆ ಬಂದಿದ್ದವರು ನಿಮಗೆ ಮೊದಲೇ ಗೊತ್ತಿದ್ದವರೇ ಎಂದು ಉಷಾ ಕೇಳಿದಳು.

“ಹೌದು,” ಎಂದಳು ಚಂದ್ರಿಕಾ. ಪುಸ್ತಕ ಟೈಪು ಮಾಡಿದವರು ಎನ್ನಲು ಹೊರಟು, ಆ ಮಾತನ್ನು ಬಿಟ್ಟುಬಿಟ್ಟಳು. “ನನಗೆ ಬೇಕಾದವರು.”

ಉಷಾ ಕೈಯಲ್ಲಿದ್ದ ಕುರ್ಚಿಯನ್ನು ಮೆಲ್ಲಗೆ ಕೆಳಗಿಟ್ಟಳು. ಮಡಿಸಿದ್ದ ಒಂದು ಕುರ್ಚಿಯನ್ನು ಮತ್ತೆ ಬಿಡಿಸಿ ಹಾಕಿ, ಕೂತ್ಕೊಳಿ, ಉಳಿದದ್ದು ನಾನು ಮಾಡ್ತೀನಿ ಎಂದಳು.